ಹುಲಿ ಅಂದರೆ ತಿರುಗು: ಮಗುವನ್ನು ಹುಲಾ ಕ್ಲಾಸಿಗೆ ಸೇರಿಸುವವರಿಗೆ

ಮೊದಲ ದಿನದ ಕ್ಲಾಸು ಮುಗಿಸಿ ಹೊರಗೆ ಬಂದ ಪುಟ್ಟಿ ಚಪ್ಪಲಿ ಹಾಕಿಕೊಳ್ಳುತ್ತಾ ಕೇಳಿದಳು, "ಅಪ್ಪಾ, ಕುಮು ಯಾಕೆ ಹುಲಿ ಹುಲಿ ಅಂತ ಕೂಗ್ತಾರೆ? ಹುಲಿ ಎಲ್ಲೂ ಇರಲಿಲ್ಲ."

ಹುಲಾ ಅಂದರೆ ಹವಾಯಿಯ ಕುಣಿತ, ಕುಮು ಅಂದರೆ ಅದನ್ನು ಕಲಿಸುವ ಗುರು. ಹವಾಯಿಯನ್ ಭಾಷೆಯಲ್ಲಿ ಹುಲಿ ಅಂದರೆ ತಿರುಗು. ಕೆಲವು ವಾರ ಕಳೆದ ಮೇಲೆ ಇಲಿಯೂ ಬಂತು. ಇಲಿಇಲಿ ಅಂದರೆ ಕೈಗೆ ಎರಡೆರಡರಂತೆ ಹಿಡಿದು ಟಕಟಕ ಬಡಿಯುವ ನುಣುಪು ಲಾವಾ ಕಲ್ಲುಗಳು. ಕೈ ಅಂದರೆ ಸಮುದ್ರ. ಮೌನ ಅಂದರೆ ಬೆಟ್ಟ. ನಾವಿರುವುದು ಹೊನೊಲುಲುವಿನ ಕೈಮುಕಿ ಎಂಬ ಬಡಾವಣೆಯಲ್ಲಿ. ಊರಿನಲ್ಲಿರುವ ಅಮ್ಮ ಇವತ್ತಿಗೂ ಅದನ್ನು "ಕೈಮುಗಿ" ಎಂದೇ ಕರೆಯುತ್ತಾರೆ.

ಹೆಂಡತಿ ನರ್ಸು, ಸಂಜೆ ಪಾಳಿ ಜಾಸ್ತಿ. ಹಾಗಾಗಿ ಮಗಳನ್ನು ಕ್ಲಾಸಿಗೆ ಕರೆದುಕೊಂಡು ಹೋಗುವುದು, ಅವಳ ಲಂಗ ಹೊಲಿಯುವುದು, ಹೂ ಕಟ್ಟುವುದು ಎಲ್ಲ ನನ್ನ ಪಾಲು. ನನಗೆ ಹುಲಾ ಬರುವುದಿಲ್ಲ. ಚಿಕ್ಕವನಿದ್ದಾಗ ಉಡುಪಿ ಕಡೆ ಎರಡು ವರ್ಷ ಯಕ್ಷಗಾನದ ಹೆಜ್ಜೆ ಕಲಿತು ಬಿಟ್ಟವನು ನಾನು. ಈ ನಾಲ್ಕು ವರ್ಷದಲ್ಲಿ ಬಾಗಿಲ ಹೊರಗೆ ಕೂತು ನೋಡಿದ್ದು, ತಪ್ಪು ಮಾಡಿ ಕಲಿತದ್ದು, ಇಷ್ಟನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಮಗುವನ್ನೂ ಸೇರಿಸುವ ಯೋಚನೆ ಇದ್ದರೆ ಉಪಯೋಗಕ್ಕೆ ಬರಬಹುದು.

ಹವಾಯಿಯಲ್ಲಿರುವ ತಂದೆತಾಯಿಗೆ ಇದು ಹೇಗೂ ಎದುರಾಗುತ್ತದೆ. ಮೇ 1 ಇಲ್ಲಿ ಲೇ ದಿನ, ಅಂದರೆ ಹೂಮಾಲೆಯ ದಿನ. 1928ರಿಂದ ನಡೆದುಬಂದಿದೆ. ಆ ಹೊತ್ತಿಗೆ ಶಾಲೆಗಳಲ್ಲಿ ಮಕ್ಕಳು ತರಗತಿವಾರು ಕುಣಿಯುತ್ತಾರೆ. ಪುಟ್ಟಿ ಕಿಂಡರ್‌ಗಾರ್ಟನ್‌ನಲ್ಲಿ ಹಾಗೆ ಕುಣಿದು ಬಂದವಳು ಇನ್ನೂ ಕಲಿಯಬೇಕು ಅಂದಳು. ಅಲ್ಲಿಂದ ನನ್ನ ಓಡಾಟ ಶುರು.

ಬೋರ್ಡಿನಲ್ಲಿ "ಪಾಲಿನೇಷಿಯನ್" ಅಂತ ಇದ್ದರೆ

ಹವಾಯಿ, ನ್ಯೂಜಿಲೆಂಡ್, ರಾಪಾ ನೂಇ (ಈಸ್ಟರ್ ದ್ವೀಪ) ಈ ಮೂರನ್ನು ಗೆರೆ ಎಳೆದು ಸೇರಿಸಿದರೆ ಪೆಸಿಫಿಕ್ ಸಾಗರದಲ್ಲಿ ಒಂದು ದೊಡ್ಡ ತ್ರಿಕೋನ ಆಗುತ್ತದೆ. ಅದೇ ಪಾಲಿನೇಷಿಯ. ತಹಿತಿ, ಸಮೋವ, ಟೊಂಗ ಅದರೊಳಗೆ ಬರುತ್ತವೆ. ಎಲ್ಲರ ಕುಣಿತವೂ ಬೇರೆ. "ಭಾರತೀಯ ನೃತ್ಯ ಕಲಿಸುತ್ತೇವೆ" ಎಂದು ಬೋರ್ಡು ಹಾಕಿದರೆ ನೀವು ಯಾವುದು ಅಂತ ಕೇಳುವುದಿಲ್ಲವಾ? ಇಲ್ಲೂ ಹಾಗೇ ಕೇಳಬೇಕು.

ಪ್ರವಾಸಿಗಳ ಲುಅವು ಊಟದಲ್ಲಿ ಡೋಲಿನ ಸದ್ದಿಗೆ ಸೊಂಟ ಪಟಪಟ ಅಂತ ಅಲುಗುತ್ತದಲ್ಲ, ಅದು ಸಾಮಾನ್ಯವಾಗಿ ಹುಲಾ ಅಲ್ಲ, ತಹಿತಿಯ ಓತೆಅ. ಅದಕ್ಕೆ ತೋಎರೆ ಎಂಬ, ಮರ ಕೊರೆದು ಮಾಡಿದ ವಾದ್ಯ ಬೇಕು. ತಹಿತಿಯವರಲ್ಲೇ ಕೈಯಿಂದ ಕಥೆ ಹೇಳುವ ಅಪರಿಮ ಎಂಬ ನಿಧಾನದ ಕುಣಿತವೂ ಇದೆ. ದಾರದ ತುದಿಯ ಚೆಂಡನ್ನು ತಿರುಗಿಸುವ ಪೊಯಿ ನ್ಯೂಜಿಲೆಂಡಿನ ಮಾವೊರಿಗಳದ್ದು. ಬೆಂಕಿ ಹಚ್ಚಿದ ಕತ್ತಿಯ ಆಟ ಸಮೋವದವರದ್ದು. ಹುಲಾದಲ್ಲಿ ಮಂಡಿ ಬಗ್ಗಿರುತ್ತದೆ, ಸೊಂಟ ಕಾಲಿನ ಹಿಂದೆ ತಾನಾಗಿ ತೂಗುತ್ತದೆ, ಮಾತನ್ನು ಕೈ ಹೇಳುತ್ತದೆ.

ಇದೆಲ್ಲ ತಿಳಿಯದೆ ನಾನು ಮೊದಲು ಸೇರಿಸಿದ್ದು ಮನೆಗೆ ಹತ್ತಿರ ಅನ್ನುವ ಒಂದೇ ಕಾರಣಕ್ಕೆ ಒಂದು ಕ್ಲಾಸಿಗೆ. ಅಲ್ಲಿ ಆರು ವಾರದಲ್ಲಿ ಮೂರು ದೇಶದ ಮೂರು ಕುಣಿತ ಕಲಿಸಿದರು. ಹಾಡಿನ ಅರ್ಥ ಏನು ಅಂತ ಪುಟ್ಟಿ ಕೇಳಿದರೆ "ಸ್ಮೈಲ್ ಮಾಡು ಸಾಕು" ಅಂದರು. ಎರಡನೇ ತಿಂಗಳಿಗೆ ಡ್ರೆಸ್ಸಿನ ಬಿಲ್ಲು ಬಂತು, ಫೀಸಿಗಿಂತ ಜಾಸ್ತಿ. ತಹಿತಿಯ ಕುಣಿತ ಕೀಳು ಅಂತ ನಾನು ಹೇಳುತ್ತಿಲ್ಲ. ಅದನ್ನು ಸರಿಯಾಗಿ ಬಲ್ಲವರ ಹತ್ತಿರ ಕಲಿಯುವುದು ಒಂದು ಭಾಗ್ಯ. ಆದರೆ ಎಲ್ಲವನ್ನೂ ಒಂದೇ ತಟ್ಟೆಗೆ ಸುರಿದು ಕೊಡುವ ಕಡೆ ಸಣ್ಣ ಮಗುವಿಗೆ ಯಾವುದರ ರುಚಿಯೂ ಹತ್ತುವುದಿಲ್ಲ.

ಕುಮುವನ್ನು ಹುಡುಕುವುದು

ಹುಲಾ ಶಾಲೆಗೆ ಹಾಲೌ ಅನ್ನುತ್ತಾರೆ. ಗುರುವಿಗೆ ಕುಮು ಹುಲಾ, ಮಕ್ಕಳಿಗೆ ಕೇಕಿ. ಒಂದೆರಡು ವರ್ಷ ಕುಣಿದ ಮಾತ್ರಕ್ಕೆ ಯಾರೂ ಕುಮು ಆಗುವುದಿಲ್ಲ. ವರ್ಷಗಟ್ಟಲೆ ಕಲಿತು, ಊನಿಕಿ ಎಂಬ ವಿಧಿ ಮುಗಿಸಿ, ತಮ್ಮ ಕುಮುವಿನಿಂದ ಒಪ್ಪಿಗೆ ಪಡೆಯುವುದು ಇಲ್ಲಿನ ಕ್ರಮ. ಹಾಗಾಗಿ ಮೊದಲ ಭೇಟಿಯಲ್ಲಿ ಕೇಳಲೇಬೇಕಾದ ಪ್ರಶ್ನೆ ಒಂದೇ: "ನೀವು ಯಾರ ಹತ್ತಿರ ಕಲಿತದ್ದು?" ಇದು ಅಧಿಕಪ್ರಸಂಗ ಆಗುವುದಿಲ್ಲ. ಒಳ್ಳೆಯ ಕುಮುವಿಗೆ ಈ ಪ್ರಶ್ನೆ ಕೇಳಿದರೆ ಖುಷಿಯಾಗುತ್ತದೆ. ನಮ್ಮ ಕುಮು ತಮ್ಮ ಗುರು, ಗುರುವಿನ ಗುರು, ಅವರ ಹಿಂದಿನವರು ಅಂತ ಅರ್ಧ ಗಂಟೆ ಹೇಳಿದರು. ಮೇಳದವರ ಹತ್ತಿರ ಕೂತು ಯಾರ ಶಿಷ್ಯ ಯಾರು, ಯಾವ ತಿಟ್ಟು ಅಂತ ಕೇಳಿದ ಹಾಗೇ ಇತ್ತು.

ಹುಡುಕುವುದಕ್ಕೆ ನನಗೆ ಕಂಡ ಸುಲಭದ ದಾರಿ ಹುಲಾ ನೋಡಲು ಹೋಗುವುದು. ಹೊನೊಲುಲುವಿನಲ್ಲಿ ಪ್ರಿನ್ಸ್ ಲಾಟ್ ಹುಲಾ ಹಬ್ಬ ಅಂತ ನಡೆಯುತ್ತದೆ. ಅಲ್ಲಿ ಸ್ಪರ್ಧೆ ಇಲ್ಲ, ಬೇರೆ ಬೇರೆ ಹಾಲೌಗಳು ಬಂದು ಕುಣಿದು ಹೋಗುತ್ತವೆ. ಯಾವ ಗುಂಪಿನ ಮಕ್ಕಳು ನಿರಾಳವಾಗಿದ್ದಾರೆ ನೋಡಿ. ಕುಣಿತ ಮುಗಿದ ಮೇಲೆ ಅವರು ಕುಮುವಿನ ಹತ್ತಿರ ಓಡಿ ಹೋಗುತ್ತಾರಾ, ದೂರ ನಿಲ್ಲುತ್ತಾರಾ, ಅದನ್ನೂ ನೋಡಿ. ನಾನು ನಮ್ಮ ಕುಮುವನ್ನು ಆರಿಸಿದ್ದು ಹಾಗೇ. ಒಂದು ಮಗು ವೇದಿಕೆ ಮೇಲೆ ಉಲ್ಟಾ ದಿಕ್ಕಿಗೆ ತಿರುಗಿತು. ಇಳಿದು ಬಂದಾಗ ಕುಮು ಅದರ ತಲೆ ಸವರಿ ಏನೋ ಹೇಳಿದರು, ಮಗು ನಕ್ಕಿತು. ಸಾಕು ಅನ್ನಿಸಿತು.

ಖರ್ಚಿನ ಬಗ್ಗೆ ಎರಡು ಮಾತು. ನಗರದ ಪಾರ್ಕುಗಳ ಕಮ್ಯುನಿಟಿ ಹಾಲ್‌ಗಳಲ್ಲಿ ಕಡಿಮೆ ಫೀಸಿನ ಮಕ್ಕಳ ಕ್ಲಾಸುಗಳು ಇರುತ್ತವೆ. ಮಗುವಿಗೆ ಇಷ್ಟವೋ ಇಲ್ಲವೋ ನೋಡಲು ಅದು ಸಾಕು. ಹಾಲೌಗೆ ಸೇರಿಸುವುದಾದರೆ ತಿಂಗಳ ಫೀಸು ಎಷ್ಟು ಅಂತ ಮಾತ್ರ ಕೇಳಬೇಡಿ. ವರ್ಷಕ್ಕೆ ಎಷ್ಟು ಪ್ರದರ್ಶನ, ಪ್ರತಿಯೊಂದಕ್ಕೂ ಬಟ್ಟೆ ಹೂವಿಗೆ ಎಷ್ಟು, ನಾವೇ ಹೊಲಿಯಬಹುದಾ, ಹಣ ಕೂಡಿಸಲು ಏನು ಮಾರಬೇಕು, ಇವನ್ನೂ ಕೇಳಿ. ಹೌದು, ಮಾರಬೇಕು. ನಾನು ಎರಡು ಶನಿವಾರ ಪಾರ್ಕಿಂಗ್ ಲಾಟಿನಲ್ಲಿ ನಿಂತು ಹುಲಿಹುಲಿ ಚಿಕನ್ ಮಾರಿದ್ದೇನೆ. ಕೆಂಡದ ಮೇಲೆ ತಿರುಗಿಸಿ ತಿರುಗಿಸಿ ಸುಡುವ ಕೋಳಿ, ಅದಕ್ಕೇ ಆ ಹೆಸರು. ನಾನು ಸಸ್ಯಾಹಾರಿ, ಟೋಕನ್ ಹರಿಯುವ ಕೆಲಸ ಮಾತ್ರ ಕೊಡಿ ಅಂತ ಕೇಳಿಕೊಂಡೆ.

ಗಂಡು ಮಕ್ಕಳನ್ನು ಸೇರಿಸಬಹುದಾ ಅಂತ ಊರಿನ ಗೆಳೆಯನೊಬ್ಬ ಕೇಳಿದ. ಧಾರಾಳವಾಗಿ. ಹುಲಾ ಹೆಂಗಸರದ್ದು ಮಾತ್ರ ಅನ್ನುವುದು ಪೋಸ್ಟ್‌ಕಾರ್ಡು ನೋಡಿ ಹುಟ್ಟಿದ ನಂಬಿಕೆ. ರಾಬರ್ಟ್ ಕಾಜಿಮೆರೊ ಅವರು 1975ರಲ್ಲಿ ಕಟ್ಟಿದ ಹಾಲೌ ಗಂಡಸರದ್ದೇ. ಅದನ್ನು ಮಾಡು ಅಂತ ಹಿಂದೆ ನಿಂತವರು ಅವರ ಗುರು ಮೈಕಿ ಐಯು ಲೇಕ್.

ಲಂಗ ಹೊಲಿಯುವುದು

ಇಲ್ಲಿ ನನ್ನ ದೊಡ್ಡ ತಪ್ಪನ್ನು ಒಪ್ಪಿಕೊಂಡುಬಿಡುತ್ತೇನೆ. ಮೊದಲ ದಿನಕ್ಕೆ ಅಂತ ವೈಕಿಕಿಯ ಅಂಗಡಿಯಿಂದ ಹಸಿರು ಪ್ಲಾಸ್ಟಿಕ್ ಹುಲ್ಲಿನ ಲಂಗ ತಂದಿದ್ದೆ. ಪುಟ್ಟಿ ಅದನ್ನು ಕುಣಿಸಿಕೊಂಡು ಹೋದಳು. ಬಾಗಿಲಲ್ಲಿದ್ದ ಆಂಟಿ ಏನೂ ಬೈಯಲಿಲ್ಲ. "ಇದನ್ನು ಮನೆಯಲ್ಲಿ ಆಟಕ್ಕೆ ಇಟ್ಟುಕೋ" ಅಂತ ಮಡಿಸಿ ನನ್ನ ಚೀಲಕ್ಕೆ ಹಾಕಿದರು. ಹುಲ್ಲಿನ ಲಂಗ ಹವಾಯಿಯ ಹಳೆಯ ಉಡುಗೆಯೇ ಅಲ್ಲ. 19ನೇ ಶತಮಾನದ ಕೊನೆಯ ಹೊತ್ತಿಗೆ ಗಿಲ್ಬರ್ಟ್ ದ್ವೀಪಗಳಿಂದ ಬಂದದ್ದು. ಇಲ್ಲಿಯವರು ಉಡುತ್ತಿದ್ದದ್ದು ಮರದ ತೊಗಟೆಯನ್ನು ಬಡಿದು ಮಾಡಿದ ಕಪ ಬಟ್ಟೆ. (ಅಂದಹಾಗೆ ಇಲ್ಲೂ ಎಲ್ಲ ಹಿರಿಯರೂ ಆಂಟಿ, ಅಂಕಲ್. ಈ ಒಂದು ವಿಷಯದಲ್ಲಿ ನಮ್ಮವರಿಗೆ ಏನೂ ಕಲಿಯಬೇಕಾಗಿಲ್ಲ.)

ಕ್ಲಾಸಿಗೆ ಬೇಕಾದದ್ದು ಪಾಊ. ಸೊಂಟದಲ್ಲಿ ಮೂರು ನಾಲ್ಕು ಸಾಲು ಇಲಾಸ್ಟಿಕ್ ಇರುವ, ತುಂಬಾ ನೆರಿಗೆಯ ಹತ್ತಿ ಲಂಗ. ಕೊಂಡುಕೊಳ್ಳಬಹುದು. ಹೊಲಿಗೆ ಮಷಿನ್ ಇದ್ದರೆ ಒಂದು ಸಂಜೆಯ ಕೆಲಸ. ಬಣ್ಣ ಯಾವುದು ಅಂತ ಕುಮುವನ್ನು ಕೇಳಿಯೇ ಬಟ್ಟೆ ತನ್ನಿ.

ಆರು ವರ್ಷದ ಪುಟ್ಟಿಗೆ ನಾನು ತಂದದ್ದು 45 ಇಂಚು ಪನ್ನೆಯ ಬಟ್ಟೆ, ಎರಡು ಗಜ. ಆ ಎರಡು ಗಜ ಮೈ ಸುತ್ತ ಬರುತ್ತದೆ. ಪನ್ನೆಯೇ ಲಂಗದ ಉದ್ದ. ಮೊದಲು ಎರಡು ತುದಿ ಸೇರಿಸಿ ಹೊಲಿದು ಕೊಳವೆಯ ಹಾಗೆ ಮಾಡಿ. ಮೇಲಿನ ಅಂಚನ್ನು ನಾಲ್ಕು ಇಂಚು ಒಳಗೆ ಮಡಿಸಿ. ಮಡಿಕೆಯ ಮೇಲೆ ಸುತ್ತಲೂ ಒಂದೊಂದು ಇಂಚು ಬಿಟ್ಟು ಹೊಲಿಗೆ ಹಾಕುತ್ತಾ ಬನ್ನಿ, ಮೂರು ದಾರಿ ಆಗಬೇಕು. ಪ್ರತಿ ದಾರಿಯಲ್ಲೂ ಇಲಾಸ್ಟಿಕ್ ತೂರಿಸಲು ಸ್ವಲ್ಪ ಜಾಗ ಹೊಲಿಯದೆ ಬಿಡಿ. ಮುಕ್ಕಾಲು ಇಂಚಿನ ಇಲಾಸ್ಟಿಕ್ಕನ್ನು ಸೊಂಟದ ಅಳತೆಗಿಂತ ಎರಡು ಇಂಚು ಕಡಿಮೆ ಕತ್ತರಿಸಿ. ಕೆಳಗಿನ ಸಾಲು ಸೊಂಟಕ್ಕಿಂತ ಕೆಳಗೆ ಕೂರುವುದರಿಂದ ಅದು ಸ್ವಲ್ಪ ಉದ್ದ ಇರಲಿ. ಪಿನ್ನಿಗೆ ಸಿಕ್ಕಿಸಿ ತೂರಿಸಿ, ಲಾಡಿ ಹಾಕುವ ಹಾಗೇ. ಉದ್ದ ಮಂಡಿ ಮತ್ತು ಪಾದದ ನಡುವೆ ಇದ್ದರೆ ಚೆಂದ. ಉಳಿದ ಬಟ್ಟೆಯನ್ನೆಲ್ಲ ಕತ್ತರಿಸಿ ಎಸೆಯಬೇಡಿ. ನಾಲ್ಕು ಇಂಚಾದರೂ ಒಳಗೆ ಮಡಿಸಿ ಹೊಲಿಯಿರಿ. ನಮ್ಮ ಅಕ್ಕನ ಲಂಗಕ್ಕೆ ಅಮ್ಮ ಟಕ್ಸ್ ಹಾಕಿಸುತ್ತಿದ್ದರಲ್ಲ, ಹಾಗೆ. ಪುಟ್ಟಿಯ ಮೊದಲ ಪಾಊವನ್ನು ಎರಡು ಸಲ ಬಿಚ್ಚಿ ಇಳಿಸಿದ್ದೇನೆ.

ಪಾಊ ಹೊಲಿದರೆ ಮುಗಿಯಲಿಲ್ಲ, ಅದಕ್ಕೂ ಮರ್ಯಾದೆ ಇದೆ. ನಮ್ಮ ಹಾಲೌನಲ್ಲಿ ಅದನ್ನು ಹಾಕಿಕೊಂಡು ಶೌಚಕ್ಕೆ ಹೋಗುವಂತಿಲ್ಲ, ನೆಲದ ಮೇಲೆ ಬಿಟ್ಟು ದಾಟುವಂತಿಲ್ಲ. ಗೆಜ್ಜೆಯನ್ನು ಕಣ್ಣಿಗೊತ್ತಿಕೊಂಡು ಕಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇನ್ನು ವಾದ್ಯಗಳು. ಪೂಇಲಿ ಅಂದರೆ ಸೀಳಿದ ಬಿದಿರು, ಉಲಿಉಲಿ ಅಂದರೆ ಗರಿ ಕಟ್ಟಿದ ಬುರುಡೆ ಗಿಲಕಿ. ಕುಮು ಹೇಳುವ ತನಕ ಯಾವುದನ್ನೂ ಕೊಳ್ಳಬೇಡಿ.

ಬಾಗಿಲಲ್ಲಿ

ಕ್ಲಾಸು ಐದೂವರೆಗೆ ಅಂದರೆ ಐದು ಇಪ್ಪತ್ತಕ್ಕೆ ಅಲ್ಲಿರಬೇಕು. ಕೂದಲು ಎತ್ತಿ ಕಟ್ಟಿರಬೇಕು, ಬರಿಗಾಲು, ಬಾಯಲ್ಲಿ ಚೂಯಿಂಗ್ ಗಮ್ ಇರಬಾರದು. ಮಕ್ಕಳು ಹೊರಗೆ ಸಾಲಾಗಿ ನಿಂತು ಒಳಗೆ ಬರಲು ಅಪ್ಪಣೆ ಕೇಳುವ ಓಲಿ ಹಾಡುತ್ತಾರೆ. ಓಲಿ ಅಂದರೆ ತಾಳ ಕುಣಿತ ಇಲ್ಲದೆ ಬರೀ ದನಿಯಲ್ಲಿ ಹೇಳುವುದು. ಒಳಗಿನಿಂದ ಕುಮು ಉತ್ತರದ ಓಲಿ ಹೇಳಿದ ಮೇಲೆ ಮಾತ್ರ ಹೆಜ್ಜೆ ಒಳಗೆ. ದನಿ ಅರೆಮನಸ್ಸಿನದ್ದಾದರೆ ಉತ್ತರ ಬರುವುದಿಲ್ಲ, ಮತ್ತೆ ಹಾಡಬೇಕು. ಒಂದು ಮಳೆಯ ಸಂಜೆ ಮೂರು ಸಲ ಹಾಡಿಸಿದರು. ನಾನು ಕೊಡೆ ಹಿಡಿದು ಒಳಗೊಳಗೇ ಸಿಟ್ಟಾಗಿದ್ದೆ. ನಾಲ್ಕನೇ ಸಲ ಆ ಹನ್ನೆರಡು ಮಕ್ಕಳ ದನಿ ಒಂದಾಗಿ ಎದ್ದಾಗ ಸಿಟ್ಟು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

ಕಲಿಯುವ ರೀತಿಗೆ ಇಲ್ಲೊಂದು ಮಾತಿದೆ: ನಾನಾ ಕ ಮಕ, ಹೊಒಲೊಹೆ ಕ ಪೆಪೆಇಯವೊ, ಪಅ ಕ ವಹ. ಕಣ್ಣು ನೋಡಲಿ, ಕಿವಿ ಕೇಳಲಿ, ಬಾಯಿ ಮುಚ್ಚಿರಲಿ. "ಯಾಕೆ", "ಹೇಗೆ" ಅಂತ ಕೇಳುವುದನ್ನೇ ಶಾಲೆಯಲ್ಲಿ ಹೊಗಳಿಸಿಕೊಂಡ ಮಕ್ಕಳಿಗೆ ಇದು ಮೊದಮೊದಲು ಕಷ್ಟ. ಪುಟ್ಟಿಗೂ ಕಷ್ಟವಾಯಿತು. ಪ್ರಶ್ನೆಗಳನ್ನು ಕಾರಿನ ತನಕ ಹೊತ್ತು ತಂದು ನನ್ನ ಮೇಲೆ ಸುರಿಯುತ್ತಿದ್ದಳು.

ಅಪ್ಪ ಅಮ್ಮಂದಿರಿಗೆ ಒಂದೇ ಮಾತು: ಕೇಳದೆ ವಿಡಿಯೊ ಮಾಡಬೇಡಿ. ಮಾಡಿದರೂ ಎಲ್ಲೂ ಹಾಕಬೇಡಿ. ಆ ಕುಣಿತದ ಜೋಡಣೆ ಕುಮುವಿನದ್ದು, ಕೆಲವು ಅವರ ಗುರುವಿನಿಂದ ಬಂದದ್ದು. ಅಜ್ಜಿಗೆ ವಾಟ್ಸಾಪ್‌ನಲ್ಲಿ ಕಳಿಸಬಹುದಾ ಅಂತ ನಾನು ಕೇಳಿದೆ. "ಅಜ್ಜಿಗೆ ಸರಿ, ಅಜ್ಜಿಯ ಗ್ರೂಪಿಗೆ ಬೇಡ" ಅಂದರು ಕುಮು. ನಮ್ಮ ಅಮ್ಮನನ್ನು ನೋಡದೆಯೇ ಅವರಿಗೆ ಹೇಗೆ ಗೊತ್ತಾಯಿತೋ!

ಮನೆಯಲ್ಲಿ ಅಭ್ಯಾಸ: ಕಾಲಿಗಿಂತ ಮೊದಲು ನಾಲಗೆ

ನೀವು ಬೇರೆಲ್ಲ ಮರೆತರೂ ಇದೊಂದನ್ನು ನೆನಪಿಟ್ಟುಕೊಳ್ಳಿ. ಹುಲಾದಲ್ಲಿ ಮೊದಲು ಮಾತು, ಆಮೇಲೆ ಕುಣಿತ. ಮೆಲೆ ಅಂದರೆ ಹಾಡು. ಅದರ ಸಾಲುಗಳು ಮಗುವಿನ ಬಾಯಲ್ಲಿ ಕೂತರೆ ಕೈ ತಾನಾಗಿ ಹಿಂದೆ ಬರುತ್ತದೆ. ಇಲ್ಲಿ ಕನ್ನಡದ ಮನೆಯ ಮಕ್ಕಳಿಗೆ ನಿಜವಾಗಿ ಒಂದು ಅನುಕೂಲ ಇದೆ.

ಹವಾಯಿಯನ್ ಭಾಷೆಯಲ್ಲಿ ಹ್ರಸ್ವ ದೀರ್ಘ ಬೇರೆ ಬೇರೆ. ದೀರ್ಘಕ್ಕೆ ಅಕ್ಷರದ ಮೇಲೆ ಗೆರೆ ಎಳೆಯುತ್ತಾರೆ, ಅದರ ಹೆಸರು ಕಹಕೋ. ಪದಗಳೆಲ್ಲ ಸ್ವರದಲ್ಲೇ ಕೊನೆಯಾಗುತ್ತವೆ, ನಾವು ಬಸ್ಸನ್ನು ಬಸ್ಸು ಮಾಡಿಕೊಂಡ ಹಾಗೆ. ಕ, ಪ ಹೇಳುವಾಗ ಇಂಗ್ಲಿಷಿನವರಂತೆ ಉಸಿರು ತಳ್ಳಬೇಕಾಗಿಲ್ಲ. ಅವರ ಡಬ್ಲ್ಯೂ ಕೆಲವು ಸಲ ವಿ ಥರ ಕೇಳಿಸುತ್ತದೆ, ನಮ್ಮ ವ ಎರಡಕ್ಕೂ ಆಗುತ್ತದೆ. ಹೊಸದು ಅಂದರೆ ಒಕಿನ, ಎರಡು ಸ್ವರಗಳ ನಡುವೆ ಗಂಟಲನ್ನು ಚಕ್ಕನೆ ಹಿಡಿದು ಬಿಡುವುದು. ಅದನ್ನು ಬಿಟ್ಟರೆ ಅರ್ಥವೇ ಬೇರೆ. ಪೌ ಅಂದರೆ ಮುಗಿಯಿತು. ಪ ಆದ ಮೇಲೆ ತಡೆದು ಉ ಅಂದರೆ ಮಸಿ. ಪಾ ಎಳೆದು, ತಡೆದು, ಊ ಅಂದರೆ ಲಂಗ. "ಲಂಗ ಹಾಕಿಕೊಂಡೆ" ಅನ್ನಲು ಹೋಗಿ "ಮಸಿ ಹಾಕಿಕೊಂಡೆ" ಅಂದವನು ನಾನೇ. ಪುಟ್ಟಿ ತಿದ್ದಿದಳು.

ನಾವು ಮಾಡಿದ್ದು ಇಷ್ಟು. ಹಾಡನ್ನು ಕನ್ನಡ ಲಿಪಿಯಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿದೆವು. ಒಕಿನ ಬರುವ ಕಡೆ ಕೆಂಪು ಚುಕ್ಕಿ. ಇಂಗ್ಲಿಷಿನಲ್ಲಿ ಓದಿದಾಗ ಆಗುತ್ತಿದ್ದ ತಪ್ಪುಗಳಲ್ಲಿ ಅರ್ಧಕ್ಕರ್ಧ ಹೋದವು. ಪುಟ್ಟಿಗೆ ಕನ್ನಡ ಓದುವ ರೂಢಿ ಬಂದದ್ದೂ ಆ ಚೀಟಿಗಳಿಂದಲೇ. ಶನಿವಾರದ ಕನ್ನಡ ಪಾಠಕ್ಕೆ ಕೂರಿಸಲು ನಾನು ಪಟ್ಟ ಪಾಡು ಯಾರಿಗೂ ಬೇಡ.

ಸಾಲಿನ ಅರ್ಥವನ್ನೂ ಕುಮುವಿನಿಂದ ಕೇಳಿ ಬರೆದಿಡಿ. ಮಳೆಗೆ ಬೆರಳುಗಳು ಮೇಲಿನಿಂದ ನಡುಗುತ್ತಾ ಇಳಿಯುತ್ತವೆ, ಹೂವಿಗೆ ಬೆರಳ ತುದಿಗಳು ಕೂಡುತ್ತವೆ, ಅಲೆಗೆ ಅಂಗೈ ಕೆಳಗೆ ಮಾಡಿ ಏರಿಳಿಯುತ್ತದೆ. ಆದರೆ ಮಳೆಗೂ ಗಾಳಿಗೂ ಊರಿಗೊಂದು ಹೆಸರಿದೆ ಈ ಜನಕ್ಕೆ. ಯಾವ ಕಣಿವೆಯ ಮಳೆ ಅಂತ ತಿಳಿದ ಮಗುವಿನ ಕೈ ಬೇರೆ ಥರವೇ ಇಳಿಯುತ್ತದೆ. ನಮ್ಮ ಕುಮು ಮಕ್ಕಳನ್ನು ಮನೋವ ಕಣಿವೆಗೆ ಕರೆದುಕೊಂಡು ಹೋಗಿ, ಜಿನುಗು ಮಳೆಯಲ್ಲಿ ಸುಮ್ನೆ ಹತ್ತು ನಿಮಿಷ ನಿಲ್ಲಿಸಿದ್ದರು. ಕಣ್ಣು ಕೈಯ ಹಿಂದೆ ಹೋಗಬೇಕು ಅನ್ನುವುದು ಮಾತ್ರ ಭರತನಾಟ್ಯದವರು ಹೇಳುವುದೇ.

ಭಾಷೆಗೆ ಇಷ್ಟು ಒತ್ತು ಯಾಕೆ ಅಂತ ಮಗು ಕೇಳುತ್ತದೆ. ನಾನು ಹೇಳಿದ್ದು ಹೀಗೆ. 1820ರಲ್ಲಿ ಇಲ್ಲಿಗೆ ಮಿಷನರಿಗಳು ಬಂದರು. 1830ರಲ್ಲಿ ರಾಣಿ ಕಾಅಹುಮನು ನಾಲ್ಕು ಜನರೆದುರು ಹುಲಾ ಮಾಡಬಾರದು ಅಂದಳು. ಜನ ಮನೆಯೊಳಗೆ, ಹಳ್ಳಿಗಳಲ್ಲಿ ಉಳಿಸಿಕೊಂಡರು. 1883ರಲ್ಲಿ ದೊರೆ ಕಲಾಕೌವ ತನ್ನ ಪಟ್ಟಾಭಿಷೇಕದಲ್ಲಿ ಎಲ್ಲರೆದುರು ಹುಲಾ ಮಾಡಿಸಿದ. ಆಮೇಲೆ ರಾಜ್ಯವೇ ಹೋಯಿತು. 1896ರ ಕಾನೂನು ಶಾಲೆಗಳಲ್ಲಿ ಇಂಗ್ಲಿಷೇ ಮಾಧ್ಯಮ ಅಂತ ಮಾಡಿತು. ಹವಾಯಿಯನ್ ಮತ್ತೆ ಅಧಿಕೃತ ಭಾಷೆಯಾದದ್ದು 1978ರಲ್ಲಿ. ನಡುವಿನ ಆ ವರ್ಷಗಳಲ್ಲಿ ಎಷ್ಟೋ ಮಾತು, ಊರ ಹೆಸರು, ಮಳೆಯ ಹೆಸರು ಉಳಿದದ್ದು ಹಾಡಿನೊಳಗೆ. "ಹಾಗಾದ್ರೆ ನಾನು ತಪ್ಪು ಹೇಳಿದ್ರೆ ಮಳೆ ಹೆಸರು ಕಳೆದುಹೋಗತ್ತಾ?" ಅಂತ ಪುಟ್ಟಿ ಕೇಳಿದಳು. ಅಷ್ಟು ಭಾರ ಹೊರಿಸಬೇಡ ಅಂತ ಹೆಂಡತಿ ನನ್ನನ್ನು ಬೈದಳು.

ಇನ್ನು ಕಾಲು. ಮೊದಲ ವರ್ಷ ನಾಲ್ಕು ಹೆಜ್ಜೆ ಗಟ್ಟಿಯಾದರೆ ಸಾಕು. ಕಾಹೊಲೊ ಅಂದರೆ ಬಲಕ್ಕೆ ಬಲಗಾಲು, ಎಡಗಾಲು ಸೇರಿಸು, ಮತ್ತೆ ಬಲಗಾಲು, ಎಡಗಾಲು ಸೇರಿಸು. ಹಾಗೇ ಎಡಕ್ಕೆ. ಹೆಲ ಅಂದರೆ ಭಾರವನ್ನು ಒಂದು ಕಾಲಿನ ಮೇಲೆ ಬಿಟ್ಟು, ಇನ್ನೊಂದನ್ನು ಓರೆಯಾಗಿ ಮುಂದಕ್ಕೆ ಚಾಚಿ ಹಿಂದಕ್ಕೆ ತರುವುದು. ಅಮಿ ಅಂದರೆ ಪಾದ ನೆಲದಲ್ಲೇ ಇಟ್ಟು ಸೊಂಟ ಸುತ್ತುವುದು. ಉವೆಹೆ ಅಂದರೆ ಹೆಜ್ಜೆ ಇಟ್ಟು ಎರಡೂ ಹಿಮ್ಮಡಿ ಎತ್ತಿ ಮಂಡಿಯನ್ನು ಮುಂದಕ್ಕೆ ತಳ್ಳುವುದು. ಎಲ್ಲದರಲ್ಲೂ ಮಂಡಿ ಬಗ್ಗಿರಬೇಕು, ತಲೆ ಒಂದೇ ಮಟ್ಟದಲ್ಲಿ ಸಾಗಬೇಕು. ತಲೆಯ ಮೇಲೆ ತೆಳ್ಳನೆಯ ಪುಸ್ತಕ ಇಟ್ಟು ಅಡುಗೆಮನೆಯಿಂದ ಹಾಲಿಗೆ ಕಾಹೊಲೊ ಮಾಡಿಸಿ. ಹಲ್ಲುಜ್ಜುವಾಗ ಮಂಡಿ ಬಗ್ಗಿಸಿ ನಿಲ್ಲಿಸಿ. ದಿನಕ್ಕೆ ಹತ್ತು ನಿಮಿಷ, ಅದಕ್ಕಿಂತ ಜಾಸ್ತಿ ಬೇಡ.

ತಾಳಕ್ಕೆ ನನ್ನ ಹಳೆಯ ಬಾಯಿತಾಳ ಉಪಯೋಗಕ್ಕೆ ಬಂತು. ಹಳೆಯ ಬಗೆಯ ಹುಲಾ ಕಹಿಕೊದಲ್ಲಿ ಗಿಟಾರ್, ಉಕುಲೆಲೆ ಇಲ್ಲ. ಅವು ಅವುಅನ ಎಂಬ ಹೊಸ ಬಗೆಗೆ. ಕಹಿಕೊದಲ್ಲಿ ಒಬ್ಬರು ಕೂತು ಇಪು ಬಡಿಯುತ್ತಾ ಹಾಡುತ್ತಾರೆ. ಇಪು ಅಂದರೆ ಸೋರೆ ಬುರುಡೆ. ಅದನ್ನು ಚಾಪೆಗೆ ಕುಟ್ಟಿದರೆ "ಊ", ಬೆರಳಿನಿಂದ ತಟ್ಟಿದರೆ "ತೇ". ಊ ತೇ ತೇ, ಊ ತೇ ತೇ. ಹಾಡಿ ಬಡಿಯುವವರು ಹೊಒಪಅ, ಕುಣಿಯುವವರು ಓಲಪ. ಹಿಮ್ಮೇಳ ಮುಮ್ಮೇಳ ಅಂತ ಪುಟ್ಟಿಗೆ ಹೇಳಿಕೊಟ್ಟೆ. ನಮ್ಮ ಮನೆಯಲ್ಲಿ ಹಿಮ್ಮೇಳ ನಾನು, ಇಪು ಖಾಲಿ ಅಕ್ಕಿ ಡಬ್ಬ.

ಹೋಇಕೆ: ಹೂವು, ಎಲೆ, ಆ ಒಂದು ವಾರ

ವರ್ಷಕ್ಕೊಮ್ಮೆ ನಡೆಯುವ ಪ್ರದರ್ಶನಕ್ಕೆ ಹೋಇಕೆ ಅನ್ನುತ್ತಾರೆ. ಆ ವಾರ ಆಫೀಸಿಗೆ ಒಂದು ದಿನ ರಜೆ ಹಾಕಿಡಿ. ಕೆಲಸ ಇರುವುದು ಮಗುವಿಗಲ್ಲ, ನಿಮಗೆ.

ಮೊದಲು ಕೀ ಎಲೆ. ನೀಳವಾದ, ಹೊಳೆಯುವ ಹಸಿರು ಎಲೆ. ನಮ್ಮ ಕೈಮುಕಿಯ ಹೆಸರಿನಲ್ಲೂ ಅದೇ ಇದೆ, ಕೀ ಗೆಡ್ಡೆ ಸುಡುವ ಒಲೆ ಅಂತ ಅರ್ಥ. ಹಸಿ ಎಲೆ ತಿರುಚಿದರೆ ಸೀಳುತ್ತದೆ. ಮೊದಲು ನಡುನರ ಸೀಳಿ ತೆಗೆಯಬೇಕು, ಆಮೇಲೆ ಬಾಡಿಸಬೇಕು. ಕೆಲವರು ಇಸ್ತ್ರಿ ಹಾಕುತ್ತಾರೆ, ಕೆಲವರು ಫ್ರೀಜರಿನಲ್ಲಿಟ್ಟು ತೆಗೆಯುತ್ತಾರೆ. ನಾನು ಇಸ್ತ್ರಿ ಹಾಕಿ ಹತ್ತು ಎಲೆ ಸುಟ್ಟೆ. ಈಗ ಫ್ರೀಜರೇ. ರಾತ್ರಿ ಇಟ್ಟು ಬೆಳಿಗ್ಗೆ ತೆಗೆದು ಕರಗಲು ಬಿಟ್ಟರೆ ಬೆಂಕಿಗೆ ಹಿಡಿದ ಬಾಳೆ ಎಲೆಯ ಹಾಗೆ ಮೆತ್ತಗಾಗುತ್ತದೆ. ಆಮೇಲೆ ಎರಡು ಪಟ್ಟಿಯ ತುದಿ ಗಂಟು ಹಾಕಿ, ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿ, ಎರಡನ್ನೂ ಒಂದೇ ಕಡೆ ತಿರುಚುತ್ತಾ, ಒಂದರ ಮೇಲೊಂದನ್ನು ಅದರ ಎದುರು ದಿಕ್ಕಿಗೆ ಸುತ್ತುತ್ತಾ ಹೋಗುವುದು. ತೆಂಗಿನ ನಾರಿನ ಹುರಿ ಹೊಸೆದವರಿಗೆ ಇದು ಐದು ನಿಮಿಷದ ಪಾಠ. ಆಂಟಿಯರು ನನ್ನ ಹೆಬ್ಬೆರಳನ್ನು ನೋಡಿ "ನಿನಗೆ ಯಾರು ಕಲಿಸಿದರು?" ಅಂತ ಕೇಳಿದರು. ಅಜ್ಜ ಅಂದೆ.

ಹೂವಿನ ವಿಷಯದಲ್ಲಿ ಕುಮು ಹೇಳಿದ್ದನ್ನು ಬಿಟ್ಟು ಬೇರೇನೂ ತರಬೇಡಿ. ಹಾಡಿನಲ್ಲಿ ಯಾವ ಹೂವಿದೆಯೋ, ಹಾಡು ಯಾವ ದ್ವೀಪದ್ದೋ ಅದರ ಮೇಲೆ ಲೇ ನಿರ್ಧಾರವಾಗುತ್ತದೆ. ಓಹಿಅ ಲೆಹುವ ಹುಲಾಕ್ಕೆ ಬಹಳ ಹತ್ತಿರದ ಹೂವು. ಆದರೆ ಆ ಮರಗಳು ಶಿಲೀಂಧ್ರದ ರೋಗದಿಂದ ಒಣಗುತ್ತಿವೆ. ರೋಗ ಹರಡಬಾರದು ಅಂತ ಅದನ್ನು ಕೀಳದೆ ಬೇರೆ ಹೂವು ಬಳಸಲು ಹಾಲೌಗಳಿಗೂ ಕೇಳಿಕೊಂಡಿದ್ದಾರೆ. ಕಾಡಿನಲ್ಲಿ ಚೆಂದ ಕಂಡಿತು ಅಂತ ಕಿತ್ತು ತಂದರೆ ಮಗು ನಾಚಿಕೆಪಡಬೇಕಾಗುತ್ತದೆ.

ನನಗೆ ಕುಮು ಕೊಟ್ಟದ್ದು ಪೀಕಕೆ. ಬುಟ್ಟಿ ತೆರೆದು ನೋಡಿದರೆ ನಮ್ಮ ದುಂಡು ಮಲ್ಲಿಗೆ! ರಾಜಕುಮಾರಿ ಕಾಇಉಲಾನಿಗೆ ನವಿಲು ಮತ್ತು ಈ ಹೂವು ಎರಡೂ ಇಷ್ಟವಿತ್ತು, ಹಾಗಾಗಿ ಹೂವಿಗೆ ನವಿಲಿನ ಇಂಗ್ಲಿಷ್ ಹೆಸರೇ ಬಂತು ಅನ್ನುತ್ತಾರೆ. ಊರಿನಲ್ಲಿ ನಮ್ಮ ಮನೆ ಉಡುಪಿ ಕಡೆಯ ಮಲ್ಲಿಗೆಯ ಊರು ಶಂಕರಪುರದ ಹತ್ತಿರ. ಬೆಳಗ್ಗೆ ಎದ್ದು ಮೊಗ್ಗು ಕೊಯ್ದು, ಬಾಳೆ ನಾರಿನಲ್ಲಿ ಕಟ್ಟಿ, ಚೆಂಡು, ಅಟ್ಟೆ ಅನ್ನುವ ಹೂವಿನ ಅಳತೆಯ ಲೆಕ್ಕದಲ್ಲಿ ಕೊಟ್ಟ ಮೇಲೆ ನನಗೆ ಶಾಲೆ. ಇಲ್ಲಿ ಪೀಕಕೆಯನ್ನು ಉದ್ದ ಸೂಜಿಯಲ್ಲಿ ಪೋಣಿಸುತ್ತಾರೆ, ಆ ಬಗೆಗೆ ಕುಇ ಅನ್ನುತ್ತಾರೆ. ಕಟ್ಟಿ ಸುತ್ತುವ ಬಗೆ ವಿಲಿ. ನಾನು ತಲೆಯ ಮಾಲೆಯನ್ನು ನಮ್ಮ ರೀತಿಯಲ್ಲೇ ಕಟ್ಟಿದೆ. ಬೆರಳುಗಳಿಗೆ ನೆನಪಿತ್ತು. ಕುಮು ತಿರುಗಿಸಿ ನೋಡಿದರು, ಎಳೆದು ನೋಡಿದರು, ಬಿಚ್ಚಲಿಲ್ಲ. ಮುಂದಿನ ವರ್ಷ ಎಲ್ಲ ಹನ್ನೆರಡು ಮಕ್ಕಳ ತಲೆಮಾಲೆ ನನ್ನ ಪಾಲಿಗೆ ಬಂತು. ಹಾಗಾಗಿ ನಿಮಗೆ ಬರುವ ಕೆಲಸವನ್ನು ಮೊದಲ ವರ್ಷವೇ ತೋರಿಸಿಕೊಳ್ಳಬೇಡಿ!

ಸ್ಪರ್ಧೆಗೆ ಕಳಿಸಬೇಕಾ? ಹೊನೊಲುಲುವಿನಲ್ಲಿ ರಾಣಿ ಲಿಲಿಉಒಕಲಾನಿ ಹೆಸರಿನ ಮಕ್ಕಳ ಹುಲಾ ಸ್ಪರ್ಧೆ 1976ರಿಂದ ಇದೆ, 6ರಿಂದ 12 ವರ್ಷದವರಿಗೆ. ದೊಡ್ಡವರಿಗೆ ಹಿಲೊ ಊರಿನ ಮೆರಿ ಮೊನಾರ್ಕ್ ಹಬ್ಬ, ಈಸ್ಟರ್ ಆದ ಮೇಲಿನ ವಾರ. ಅದರಲ್ಲಿ ಹುಲಾ ಸ್ಪರ್ಧೆ 1971ರಲ್ಲಿ ಶುರುವಾಯಿತು. ಮಗುವಿನ ಜೊತೆ ಕೂತು ಟಿವಿಯಲ್ಲಿ ತಪ್ಪದೆ ನೋಡಿ, ಅದೇ ಒಂದು ಪಾಠ. ಸ್ಪರ್ಧೆಗೆ ಯಾರು ಹೋಗಬೇಕು ಅನ್ನುವುದು ಮಾತ್ರ ಕುಮುವಿಗೆ ಬಿಟ್ಟದ್ದು. ನಮ್ಮ ಹುಡುಗಿ ಯಾಕೆ ಇಲ್ಲ ಅಂತ ಕೇಳಲು ಹೋಗಬೇಡಿ. ನಾನು ಕೇಳಿಲ್ಲ. ಕೇಳಬೇಕು ಅನ್ನಿಸಿದ್ದು ಮಾತ್ರ ನಿಜ.

ಹವಾಯಿಯಿಂದ ದೂರ ಇರುವವರಿಗೂ ದಾರಿ ಇದೆ. ಕ್ಯಾಲಿಫೋರ್ನಿಯಾದಲ್ಲಿ ಹಾಲೌಗಳು ಬಹಳ ಇವೆ, ಜಪಾನಿನಲ್ಲಂತೂ ಕಲಿಯುವವರ ದಂಡೇ ಇದೆ. ಅಲ್ಲೂ ಅದೇ ಪ್ರಶ್ನೆ ಕೇಳಿ: ಯಾರ ಹತ್ತಿರ ಕಲಿತದ್ದು?

ಹೋಇಕೆ ಮುಗಿದ ರಾತ್ರಿ ಮಗುವಿನ ಕೊರಳಲ್ಲಿ ಏಳೆಂಟು ಲೇ ಇರುತ್ತವೆ. ಕೊಟ್ಟವರ ಎದುರಿಗೆ ತೆಗೆಯಬಾರದು, ಎಷ್ಟೇ ಚುಚ್ಚಿದರೂ. ಬಸುರಿ ಆಂಟಿ ಯಾರಿಗಾದರೂ ಮಗು ಲೇ ಹಾಕುವುದಿದ್ದರೆ ಎರಡು ತುದಿ ಕೂಡಿಸದ, ಬಿಚ್ಚಿದ ಲೇ ಕೊಟ್ಟು ಕಳಿಸಿ. ಮನೆಗೆ ಬಂದ ಮೇಲೆ ಒಂದೆರಡು ದಿನ ತೂಗುಹಾಕಿಡಬಹುದು. ಬಾಡಿದ ಮೇಲೆ ಕಸದ ಬುಟ್ಟಿಗೆ ಹಾಕಬೇಡಿ. ದಾರ ಕತ್ತರಿಸಿ ತೆಗೆದು, ಹೂವನ್ನು ಯಾವುದಾದರೂ ಗಿಡದ ಬುಡಕ್ಕೆ ಹಾಕಿ. ಬಾಳೆ ನಾರಿನಲ್ಲಿ ಕಟ್ಟಿದ್ದಾದರೆ ಬಿಡಿಸುವ ಕೆಲಸವೂ ಇಲ್ಲ, ಹಾಗೇ ಮಣ್ಣಿಗೆ ಹಾಕಬಹುದು.